ಯೀಸ್ಟ್‌ಗಿಂತ ಒಂದು ಹೆಜ್ಜೆ ಹಿಂದೆ

ಬಿಯರ್ ಅಂದರೆ ಬಾರ್ಲಿ ಅಂತ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ನನ್ನ ತಲೆಯಿಂದ ಅದನ್ನು ಎಬ್ಬಿಸಿದ್ದು ಚಿಕ್ಕಮ್ಮನ ಮಗಳು. ಎರಡು ವರ್ಷದ ಹಿಂದೆ ಅವಳಿಗೆ ಸೀಲಿಯಾಕ್ ಕಾಯಿಲೆ ಅಂತ ಗೊತ್ತಾಯಿತು. ಗೋಧಿ, ಬಾರ್ಲಿ, ರೈ ಮೂರೂ ಬಂದ್, ಜೀವನಪೂರ್ತಿ. ಚಪಾತಿ ಹೋದದ್ದಕ್ಕೆ ಮಂಗಳೂರಿನವರು ಅಷ್ಟೇನೂ ಬೇಜಾರು ಮಾಡುವುದಿಲ್ಲ, ನೀರುದೋಸೆ ಉಂಟಲ್ಲ. ಬನ್ಸ್ ಹೋದದ್ದಕ್ಕೆ ನಿಜವಾಗಿ ಅತ್ತಳು. ಆದರೆ ಅವಳಿಗೆ ಸಾಕಾಗಿದ್ದು ಶುಕ್ರವಾರದ ಸಂಜೆಗಳು. ಆಫೀಸಿನವರೆಲ್ಲರ ಮುಂದೆ ಬಿಯರ್, ಇವಳ ಮುಂದೆ ಲೈಮ್ ಸೋಡಾ. "ಪ್ರತಿ ವಾರ ಯಾರಿಗಾದ್ರೂ ಕರುಳಿನ ಕಥೆ ಹೇಳ್ಬೇಕು ಅಣ್ಣ, ಅದೇ ಕಿರಿಕಿರಿ."

ಬೆಂಗಳೂರಿನ ಪಬ್ ಒಂದರಲ್ಲಿ ರಾಗಿ ಬಿಯರ್ ಅಂತ ಬೋರ್ಡ್ ನೋಡಿ ಖುಷಿಯಾಗಿ ಕೇಳಿದೆವು. ಅಲ್ಲಿನವರು ಇದ್ದದ್ದನ್ನು ಇದ್ದ ಹಾಗೆ ಹೇಳಿದರು: ಅರ್ಧಕ್ಕಿಂತ ಹೆಚ್ಚು ಬಾರ್ಲಿ ಮಾಲ್ಟೇ, ರಾಗಿ ರುಚಿಗೆ. ಇಂಥ ಕಾಯಿಲೆ ಇರುವವರು ಬೋರ್ಡ್ ನಂಬಬೇಡಿ, ಕೇಳಿ.

ಹಾಗಾದರೆ ರಾಗಿ ಒಂದರಿಂದಲೇ ಬಿಯರ್ ಆಗುವುದಿಲ್ಲವೇ? ಧಾರಾಳ ಆಗುತ್ತದೆ. ಉಗಾಂಡದಲ್ಲಿ ಇದೇ ರಾಗಿಯಿಂದ ಅಜೋನ್ ಮಾಡುತ್ತಾರೆ. ನೇಪಾಳದ ಲಿಂಬು ಜನರ ತೋಂಗ್ಬಾ ಕೂಡ ಇದೇ ಧಾನ್ಯದ್ದು. ಹುಳಿ ಬಂದ ರಾಗಿಗೆ ಬಿಸಿನೀರು ಹೊಯ್ದು ಕೊಳವೆಯಲ್ಲಿ ಹೀರುತ್ತಾರೆ. ಮಗುವಿಗೆ ಕುಡಿಸಲು ಅಜ್ಜಿಯಂದಿರು ಮಾಡುವ ಮೊಳಕೆ ರಾಗಿಯ ಹುಡಿ ಇದೆಯಲ್ಲ, ಅದು ಮಾಲ್ಟೇ. ಮೈಸೂರಿನ ಸಿಎಫ್‌ಟಿಆರ್‌ಐಯಲ್ಲಿ ಎನ್. ಜಿ. ಮಲ್ಲೇಶಿ ಮತ್ತು ಅವರ ಜೊತೆಗಾರರು ರಾಗಿ ಮಾಲ್ಟಿನ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಸಿರಿಧಾನ್ಯಗಳ ಪೈಕಿ ಪಿಷ್ಟವನ್ನು ಸಕ್ಕರೆ ಮಾಡುವ ಕಿಣ್ವಗಳು ಮೊಳಕೆ ರಾಗಿಯಲ್ಲಿ ಚೆನ್ನಾಗಿಯೇ ಇರುತ್ತವೆ. ಅಂಗಡಿಯ ರಾಗಿ ಮಾಲ್ಟ್ ಮಾತ್ರ ಇದಕ್ಕೆ ಆಗದು. ಹುರಿದರೆ ಪರಿಮಳ ಬರುತ್ತದೆ, ಕಿಣ್ವ ಸಾಯುತ್ತದೆ.

ಒಂದು ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಎರಡು ಮೂರು ದಿನ ಮೊಳಕೆ ಬರಿಸಿ, ಬಿಸಿಲಿಗೆ ಒಣಗಿಸುವುದು. ಆಟಿ ತಿಂಗಳಲ್ಲಿ ಈ ಊರಲ್ಲಿ ಇದಕ್ಕೆ ಕೈ ಹಾಕಬೇಡಿ. ಮೊಳಕೆಗಿಂತ ಮೊದಲು ಬೂಸ್ಟು ಬರುತ್ತದೆ.

ನಿಜವಾದ ತಲೆನೋವು ಬಿಸಿಯದ್ದು. ಬಾರ್ಲಿಯ ಪಿಷ್ಟ ಸುಮಾರು 60 ಡಿಗ್ರಿಗೇ ಬೆಂದು ಸಡಿಲವಾಗುತ್ತದೆ. ರಾಗಿ, ಅಕ್ಕಿ, ಜೋಳಕ್ಕೆ 70ರ ಆಸುಪಾಸು ಬೇಕು, ಅಷ್ಟೊತ್ತಿಗೆ ಕಿಣ್ವಗಳ ಕಥೆ ಮುಗಿಯುತ್ತಾ ಬಂದಿರುತ್ತದೆ. ಇದಕ್ಕೊಂದು ಚಂದದ ಉಪಾಯ ಉಂಟು. ತರಿ ಮಾಡಿದ ಮಾಲ್ಟನ್ನು ಉಗುರುಬೆಚ್ಚಗಿಂತ ತುಸು ಹೆಚ್ಚು ಬಿಸಿಯ ನೀರಲ್ಲಿ ನೆನೆಸಿ, ಮೇಲಿನ ತಿಳಿನೀರನ್ನು ಬೇರೆ ಪಾತ್ರೆಗೆ ಬಗ್ಗಿಸಿಡಬೇಕು. ಕಿಣ್ವ ಇರುವುದು ಅದರಲ್ಲಿ. ಕೆಳಗಿನ ಗಸಿಯನ್ನು ಗಂಜಿಯ ಹಾಗೆ ಚೆನ್ನಾಗಿ ಕುದಿಸಿ, 65 ಡಿಗ್ರಿಗೆ ಆರಿಸಿ, ತಿಳಿಯನ್ನು ಮತ್ತೆ ಸೇರಿಸಿ, ಪಾತ್ರೆಗೆ ಕಂಬಳಿ ಸುತ್ತಿಡುವುದು. ಸೌಟು ನಿಲ್ಲುವಷ್ಟು ಗಟ್ಟಿ ಇದ್ದ ಗಂಜಿ ಕಣ್ಣೆದುರೇ ನೀರಾಗಿ, ಗಂಟೆಯೊಳಗೆ ಸಿಹಿಯಾಗುತ್ತದೆ. ಸಕ್ಕರೆಯ ಒಂದು ಕಾಳೂ ಹಾಕಿಲ್ಲ! ಮೊದಲ ಸಲ ಅಮ್ಮ ರುಚಿ ನೋಡಿ, "ಬೆಲ್ಲ ಎಷ್ಟು ಹಾಕಿದ್ದಿ?" ಅಂದರು.

ಸೋಸುವುದು ಕಷ್ಟ, ಯಾಕೆಂದರೆ ಬಾರ್ಲಿಗಿರುವ ಹೊಟ್ಟು ರಾಗಿಗಿಲ್ಲ. ಅಕ್ಕಿ ಮಿಲ್ಲಿನ ಉಮಿಯನ್ನು ತೊಳೆದು ಸೇರಿಸಿದರೆ ನೀರು ಇಳಿಯುತ್ತದೆ. ಮೈ ಹಗುರವಾಗಬೇಕಾದರೆ ಅವಲಕ್ಕಿ ಹಾಕಬಹುದು, ತುಳುವಿನ ಬಜಿಲ್. ಬೇಯಿಸಿ ಚಪ್ಪಟೆ ಮಾಡಿದ್ದರಿಂದ ಮತ್ತೆ ಕುದಿಸುವ ರಗಳೆ ಇಲ್ಲ. ಬಡ್‌ವೈಸರ್‌ನವರು ಅಕ್ಕಿ ಹಾಕುವುದೂ ಇಂಥದೇ ಹಗುರತನಕ್ಕೆ.

ಇಲ್ಲಿಗೆ ಬಂದು ನಾವು ನಿಲ್ಲುತ್ತೇವೆ. ಯೀಸ್ಟ್ ಹಾಕಿದರೆ ವಾರದಲ್ಲಿ ಬಿಯರ್, ಆದರೆ 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಮೈಕ್ರೋಬ್ರೂವರಿ ಲೈಸೆನ್ಸ್ ಐದು ಲೀಟರಿನ ಸ್ಟೀಲ್ ಪಾತ್ರೆಗೆ ಇರುವಂಥದ್ದಲ್ಲ. ಕಾನೂನಿಗೆ ಕಾರಣ ಇಲ್ಲ ಅಂತಲೂ ಹೇಳಲಾರೆ. 1981ರಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. ಆದರೆ ಅಂಥ ಸಾವು ತರುವುದು ಕಲಬೆರಕೆಯ ಮೆಥನಾಲ್. ಹುಳಿ ಬಂದ ಗಂಜಿಯಿಂದ ಆ ಅಪಾಯ ಇಲ್ಲ. ಬ್ರಿಟನ್ 1963ರಲ್ಲಿ ಮನೆಬಿಯರಿಗೆ ಲೈಸೆನ್ಸ್ ಬೇಡ ಅಂದಿತು, ಅಮೆರಿಕದಲ್ಲಿ 1978ರಲ್ಲಿ ಕಾರ್ಟರ್ ಸಹಿ ಹಾಕಿದರು. ಮಾರಬಾರದು, ಇಷ್ಟೇ ಲೀಟರ್ ಅಂತ ಮಿತಿ ಹಾಕಿ ನಮ್ಮಲ್ಲೂ ಬಿಡಬಹುದು ಅಂತ ನನ್ನ ಅಭಿಪ್ರಾಯ. ಬಾರ್ಲಿ ಬಿಯರ್ ಬೇಕಾದವರಿಗೆ ಅಂಗಡಿ ಉಂಟು. ಇವಳಂಥವರಿಗೆ ಮನೆಯ ಅಡುಗೆಕೋಣೆಯೇ ಗತಿ.

ಸದ್ಯಕ್ಕೆ ಆ ಸಿಹಿನೀರಿಗೆ ಶುಂಠಿ ಜಜ್ಜಿ, ಲಿಂಬೆ ಹಿಂಡಿ, ಸೋಡಾ ಬೆರೆಸಿ ಫ್ರಿಜ್ಜಿನಲ್ಲಿಡುತ್ತೇವೆ. ಬಣ್ಣ ಬಿಯರಿನದ್ದೇ. ಶುಕ್ರವಾರ ಅವಳು ಅದನ್ನೇ ಬಾಟಲಿಯಲ್ಲಿ ಒಯ್ಯುತ್ತಾಳೆ, ಕರುಳಿನ ಕಥೆ ಕೇಳುವವರು ಕಡಿಮೆಯಾಗಿದ್ದಾರಂತೆ.

ಸೆಪ್ಟೆಂಬರ್‌ನಲ್ಲಿ ಅವಳು ಎಂಎಸ್‌ಸಿಗೆ ಮ್ಯಾಂಚೆಸ್ಟರಿಗೆ ಹೊರಟಿದ್ದಾಳೆ. ಅಲ್ಲಿ ಯೀಸ್ಟ್ ಹಾಕಲು ಯಾರ ಅಪ್ಪಣೆಯೂ ಬೇಡ.

"ಆ ಚಳಿಗೆ ರಾಗಿ ಮೊಳಕೆ ಬರ್ತದಾ ಅಣ್ಣ?"

"ಹೀಟರ್ ಪಕ್ಕ ಇಡು ಮಾರಾಯ್ತಿ."

ಚಿಕ್ಕಮ್ಮ ಮಾತ್ರ ಇನ್ನೂ ಕೇಳುತ್ತಿದ್ದಾರೆ, "ಇವಳು ಹೋಗುವುದು ಓದ್ಲಿಕ್ಕಾ, ಇದಕ್ಕಾ?"