ಎರಡು ಕೈ, ಒಂದು ಹೃದಯ

ಐರ್ಲೆಂಡಿನ ಗಾಲ್ವೇ ನಗರದಲ್ಲಿ ನರ್ಸ್ ಆಗಿರುವ ನಮ್ಮ ಆಪಾನ ಮಗಳು ರಜೆಗೆ ಬಂದಾಗ ಅವಳ ಬಲಗೈಯಲ್ಲಿ ಹೊಸ ಬೆಳ್ಳಿ ಉಂಗುರವೊಂದಿತ್ತು. ಎರಡು ಕೈಗಳು ಹೃದಯವೊಂದನ್ನು ಹಿಡಿದಿದ್ದವು, ಮೇಲೊಂದು ಕಿರೀಟ. 'ಇದು ಅವರ ಧರ್ಮದ ಗುರುತೇನು ಬೇಟಿ?' ಎಂದರು ನಾನಿ. ಕೇಳಿದವರು ಅವರೊಬ್ಬರೇ ಆದರೂ ಅನುಮಾನ ನಮ್ಮೆಲ್ಲರದೂ ಆಗಿತ್ತು.

'ಇಲ್ಲ ನಾನಿ. ಕೈ ಅಂದರೆ ಸ್ನೇಹ, ಹೃದಯ ಅಂದರೆ ಪ್ರೀತಿ, ಕಿರೀಟ ಅಂದರೆ ನಿಷ್ಠೆ.'

ಇದು ಕ್ಲಾಡಾ ಉಂಗುರ. ಗಾಲ್ವೇಯ ಕೋಟೆಗೋಡೆಯಾಚೆ ಇದ್ದ ಮೀನುಗಾರರ ಹಳ್ಳಿಯ ಹೆಸರು ಅದಕ್ಕೆ ಬಂದಿದೆ. ಅಲ್ಲಿನ ಹುಲ್ಲುಮಾಡಿನ ಮನೆಗಳನ್ನು 1930ರ ದಶಕದಲ್ಲಿ ಕೆಡವಲಾಯಿತು. ಹಳ್ಳಿ ಹೋಯಿತು, ತಾಯಿಯಿಂದ ಮಗಳಿಗೆ ಬರುತ್ತಿದ್ದ ಉಂಗುರ ಉಳಿಯಿತು. ಇಂದು ಅದನ್ನು ಅಪ್ಪಟ ಕೆಲ್ಟಿಕ್ ಆಭರಣವೆಂದು ಜಗತ್ತಿನೆಲ್ಲೆಡೆ ಮಾರುತ್ತಾರೆ.

ಅಪ್ಪಟ ಎಂದರೇನು? ಕೈ ಕೈ ಹಿಡಿದ ಉಂಗುರ ರೋಮನ್ನರ ಕಾಲದಿಂದಲೂ ಯುರೋಪಿನಲ್ಲಿತ್ತು. ಇನ್ನು ಗಾಲ್ವೇ ಜನ ಹೇಳಿಕೊಂಡು ಬಂದ ಕಥೆ ನಮ್ಮನ್ನು ಅಲ್ಜೀರಿಯಕ್ಕೇ ಒಯ್ಯುತ್ತದೆ. 1675ರ ಸುಮಾರಿಗೆ ರಿಚರ್ಡ್ ಜಾಯ್ಸ್ ಎಂಬ ಯುವಕನನ್ನು ಕಡಲುಗಳ್ಳರು ಹಿಡಿದು ಅಲ್ಲಿನ ಮುಸ್ಲಿಂ ಅಕ್ಕಸಾಲಿಗನೊಬ್ಬನಿಗೆ ಮಾರಿದರಂತೆ. ಅಕ್ಕಸಾಲಿಗ ಅವನಿಗೆ ಕಸುಬು ಕಲಿಸಿದ. 1689ರಲ್ಲಿ ಮೂರನೇ ವಿಲಿಯಂ ಪಟ್ಟಕ್ಕೆ ಬಂದ ಮೇಲೆ ಬಿಡುಗಡೆಯ ಅವಕಾಶ ಒದಗಿತು. ಮಗಳನ್ನೂ ಅರ್ಧ ಆಸ್ತಿಯನ್ನೂ ಕೊಡುತ್ತೇನೆಂದರೂ ಜಾಯ್ಸ್ ನಿಲ್ಲದೆ ಊರಿಗೆ ಮರಳಿದನಂತೆ. ಕಥೆ ಎಷ್ಟು ನಿಜವೋ, ಅವನ ಮುದ್ರೆಯಿರುವ ಹಳೆಯ ಉಂಗುರಗಳಂತೂ ಉಳಿದಿವೆ.

ಕಲಿಸಿದವನು ನಮ್ಮವನೆಂದು ಹೆಮ್ಮೆಪಡುವ ಮೊದಲು, ಮನುಷ್ಯನನ್ನು ಹಣ ಕೊಟ್ಟು ಕೊಂಡವನೂ ಅವನೇ ಎಂಬುದನ್ನು ನಾವು ಮರೆಯುವಂತಿಲ್ಲ. ಹೆಮ್ಮೆ ನಮ್ಮದಾದರೆ ನಾಚಿಕೆಯೂ ನಮ್ಮದೇ.

ಇದಕ್ಕೂ ಹಳೆಯದೊಂದು ಒಡವೆ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಐರ್ಲೆಂಡಿನ ಬ್ಯಾಲಿಕಾಟನ್ನಿನಲ್ಲಿ ಸಿಕ್ಕ, ಸುಮಾರು ಸಾವಿರದ ಇನ್ನೂರು ವರ್ಷ ಹಳೆಯ, ಶಿಲುಬೆಯಾಕಾರದ ಉಡುಪಿನ ಪಿನ್ನು ಅದು. ನಡುವಿನ ಗಾಜಿನ ಹರಳಿನಲ್ಲಿ ಕೂಫಿ ಲಿಪಿಯ ಅರಬ್ಬಿ ಅಕ್ಷರಗಳು! 'ಬಿಸ್ಮಿಲ್ಲಾ' ಎಂದು ಅದನ್ನು ಓದಿದವರಿದ್ದಾರೆ. ಧರಿಸಿದವರಿಗೆ ಆ ಅಕ್ಷರ ತಿಳಿದಿತ್ತೋ ಇಲ್ಲವೋ. ಶಿಲುಬೆಯಂತೂ ಆ ಹರಳನ್ನು ಶತಮಾನಗಳಿಂದ ಎದೆಯಲ್ಲಿಟ್ಟುಕೊಂಡಿದೆ. ನಾವಾದರೋ ಒಂದು ಉಂಗುರ ಕಂಡೊಡನೆ ಅದರ ಜಾತಿ ಕೇಳಿದ್ದೆವು.

ಕೊನೆಗೆ ಹುಡುಗಿ ಇನ್ನೊಂದು ವಿಷಯ ಹೇಳಿದಳು. ಬಲಗೈಯಲ್ಲಿ ಹೃದಯದ ಮೊನೆ ಬೆರಳ ತುದಿಯ ಕಡೆಗಿದ್ದರೆ ಮನಸ್ಸು ಖಾಲಿ. ಮಣಿಕಟ್ಟಿನ ಕಡೆಗಿದ್ದರೆ ಅಲ್ಲಿ ಯಾರೋ ಇದ್ದಾರೆ. ಎಡಗೈಗೆ ಬರುವುದು ನಿಶ್ಚಿತಾರ್ಥ, ಮದುವೆಯಾದ ಮೇಲೆ.

'ನಿನ್ನದು ಯಾವ ಕಡೆಗಿದೆ?' ಎಂದರು ನಾನಿ.

ಅವಳು ಮೆಲ್ಲಗೆ ಕೈಯನ್ನು ದುಪಟ್ಟಾದೊಳಗೆ ಸೇರಿಸಿದಳು. ಯಾರು, ಯಾವ ಧರ್ಮದವನು ಎಂಬ ಪ್ರಶ್ನೆ ಎಲ್ಲರ ನಾಲಿಗೆಯ ತುದಿಗೂ ಬಂದಿತ್ತು. ಅಂದು ಅದನ್ನು ನಾವ್ಯಾರೂ ಕೇಳಲಿಲ್ಲ.