ಮಾರ್ಕ್ಸ್ ಜೊತೆ ಇದನ್ನೂ ಕೇಳೋಣ

ಕೊಲ್ಲಿಯಲ್ಲಿ ವೈರಿಂಗ್, ಎ.ಸಿ., ಪಂಪು ಅಂತ ದುಡಿಯುವ ನಮಗೆ ಒಂದು ಮಾತು ಚೆನ್ನಾಗಿ ಗೊತ್ತು: ಕೈ ಹಾಕದೆ ಯಾವ ಯಂತ್ರವೂ ಅರ್ಥವಾಗುವುದಿಲ್ಲ. ಮಕ್ಕಳ ವಿಜ್ಞಾನವೂ ಹಾಗೇ.

ಊರ ಕಡೆ ಹಲವು ಶಾಲೆಗಳಲ್ಲಿ ಈಗ ಅಟಲ್ ಟಿಂಕರಿಂಗ್ ಲ್ಯಾಬ್ ಇದೆ. 2016ರಲ್ಲಿ ಶುರುವಾದ ಯೋಜನೆ. 6ರಿಂದ 12ನೇ ತರಗತಿಯ ಮಕ್ಕಳು ಅಲ್ಲಿ ಸೆನ್ಸರ್, ಮೋಟರ್ ಜೋಡಿಸಿ ರೋಬೋಟ್ ಮಾಡಬಹುದು.

ನಮ್ಮ ರೂಮಿನವರೊಬ್ಬರ ಮಗಳು ಹತ್ತನೇ ತರಗತಿ. ಅಡ್ಡ ಬಂದದ್ದನ್ನು ಗುರುತಿಸಿ ನಿಲ್ಲುವ ಪುಟ್ಟ ಗಾಡಿ ಮಾಡಿದಳು. ಗೋಡೆ ಕಂಡರೆ ನಿಂತಿತು, ಅಜ್ಜಿಯ ಕಂಬಳಿಗೆ ಹೋಗಿ ಗುದ್ದಿತು! ಚೊಂಬು, ಹಲಗೆ, ದಿಂಬು ಒಂದೊಂದಾಗಿ ಇಟ್ಟು, ಅಳೆದು, ಬರೆದುಕೊಂಡು ವಾರದ ಮೇಲೆ ವಿಡಿಯೋ ಕಾಲ್‌ನಲ್ಲಿ ಹೇಳಿದಳು: "ಅಪ್ಪಾ, ಸೆನ್ಸರ್ ಕಳಿಸೋ ಸದ್ದನ್ನ ಕಂಬಳಿ ನುಂಗಿಬಿಡುತ್ತೆ. ಸರಿಯಾಗಿ ವಾಪಸ್ ಬರಲ್ಲ."

ಸಂಶೋಧನೆ ಅಂದರೆ ಇದೇ ಅಲ್ಲವೇ?

ಈಗ ಅವಳಿಗೆ ಪಿಯುಸಿಯಲ್ಲಿ ಸೈನ್ಸೇ ಬೇಕು. ಕಾಲೇಜು ದೂರ, ಹಾಸ್ಟೆಲ್ ಖರ್ಚು. ಅಪ್ಪ ಈ ವರ್ಷದ ರಜೆಯನ್ನು ಮುಂದಕ್ಕೆ ಹಾಕಿದ್ದಾರೆ. "ಓದ್ಲಿ ಬಿಡಿ" ಅಂದರು, ಅಷ್ಟೇ.

ಈ ವಾರ ಊರಿಗೆ ಫೋನ್ ಮಾಡಿದಾಗ ನಾವೆಲ್ಲ ಮಾರ್ಕ್ಸ್ ಜೊತೆ ಇನ್ನೆರಡು ಮಾತು ಕೇಳೋಣ: ನಿಮ್ಮ ಶಾಲೇಲಿ ಲ್ಯಾಬ್ ಬಾಗಿಲು ತೆಗೀತಾರಾ? ನೀನು ಏನು ಬಿಚ್ಚಿ ನೋಡಿದೆ?