ಕಾರ್ಡು ಟ್ರಂಕಿನಲ್ಲಿ ಭದ್ರವಾಗಿತ್ತು

ಆರೋಗ್ಯ ಕಾರ್ಡ್ ವಿತರಣೆಯ ಸುದ್ದಿಯನ್ನು ನಾವು ಎಷ್ಟು ಸಲ ಬರೆದಿದ್ದೇವೋ ಲೆಕ್ಕವಿಲ್ಲ. ವೇದಿಕೆ, ಹಾರ, ಕಾರ್ಡ್ ಹಿಡಿದು ನಿಂತ ಫಲಾನುಭವಿಗಳ ಫೋಟೊ. ಅಂಥದ್ದೊಂದು ಫೋಟೊದಲ್ಲಿ ನಮ್ಮ ಅಪ್ಪನೂ ಇದ್ದರು. ಆ ಕಾರ್ಡನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ಪಹಣಿ ಪತ್ರಗಳ ಜೊತೆ ಟ್ರಂಕಿನಲ್ಲಿ ಇಟ್ಟಿದ್ದರು.

ಅದೇ ವರ್ಷ ತಪಾಸಣಾ ಶಿಬಿರದಲ್ಲಿ ಅಪ್ಪನ ಬಿಪಿ 170/100 ಬಂತು. 140/90 ಇದ್ದರೇ ಹೆಚ್ಚು ಎಂದು ಲೆಕ್ಕ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಂದು ತಿಂಗಳ ಮಾತ್ರೆ ಉಚಿತವಾಗಿ ಕೊಟ್ಟರು. ಅದು ಮುಗಿಯುವ ಹೊತ್ತಿಗೆ ಶೇಂಗಾ ಕೀಳುವ ಕೆಲಸ ಶುರುವಾಗಿತ್ತು. ಕೇಂದ್ರ ಏಳು ಕಿಲೋಮೀಟರ್ ದೂರ. ಹೋದರೆ ಒಂದು ದಿನದ ಕೆಲಸ ಹಾಳು. ‘ತಲೆಸುತ್ತು ಹೋಯ್ತಲ್ಲ, ಇನ್ಯಾಕೆ’ ಎಂದು ಅಪ್ಪ ಮಾತ್ರೆ ಬಿಟ್ಟರು. ನಾವೂ ಕೇಳಲಿಲ್ಲ.

ಮೂರು ವರ್ಷದ ನಂತರ ಒಂದು ಬೆಳಿಗ್ಗೆ ಕೈಯಲ್ಲಿದ್ದ ಚಹಾ ಲೋಟ ಜಾರಿತು, ಬಾಯಿ ಸೊಟ್ಟಗಾಯಿತು. ಲಕ್ವ ಹೊಡೆದಿತ್ತು.

ಆಗ ಕಾರ್ಡ್ ಕೆಲಸಕ್ಕೆ ಬಂತು, ಇಲ್ಲ ಅನ್ನುವುದಿಲ್ಲ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಆಸ್ಪತ್ರೆ ಬಿಲ್ಲಿಗೆ ನಾವು ಸಾಲ ಮಾಡಲಿಲ್ಲ. ಖರ್ಚು ಶುರುವಾದದ್ದು ಮನೆಗೆ ಬಂದ ಮೇಲೆ. ಫಿಸಿಯೋಥೆರಪಿಗೆ ಹೋಗಿಬರುವ ಆಟೊ, ಅವ್ವ ಬಿಟ್ಟ ಕೂಲಿ, ಹೊಲಕ್ಕೆ ಹಿಡಿದ ಆಳು. ಇವುಗಳಿಗೆ ಕಾರ್ಡ್ ಇಲ್ಲ. ಅಪ್ಪನ ಬಲಗೈ ಇವತ್ತಿಗೂ ಪೂರ್ತಿ ಮೇಲೇಳುವುದಿಲ್ಲ.

2018ರಲ್ಲಿ ಆಯುಷ್ಮಾನ್ ಭಾರತ್ ಬಂದಾಗ ಅದರಲ್ಲಿ ಎರಡು ಭಾಗ ಇದ್ದವು. ಒಂದು ಆಸ್ಪತ್ರೆ ಖರ್ಚಿನ ವಿಮೆ. ಇನ್ನೊಂದು, ಊರಿನ ಉಪಕೇಂದ್ರಗಳನ್ನೇ ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳನ್ನಾಗಿ ಮಾಡುವುದು. ನಾವು ಪತ್ರಕರ್ತರು ಮೊದಲನೆಯದರ ಹಿಂದೆ ಓಡಿದೆವು. ನಮ್ಮೂರ ಉಪಕೇಂದ್ರಕ್ಕೆ ಬಣ್ಣ ಬಳಿದು ಹೊಸ ಬೋರ್ಡ್ ಹಾಕಿದಾಗ ಎರಡು ಸಾಲು ಸುದ್ದಿ ಕಳಿಸಿ ಸುಮ್ಮನಾದೆವು. ಒಳಗೆ ಸಮುದಾಯ ಆರೋಗ್ಯ ಅಧಿಕಾರಿ ಇದ್ದಾರೆ, 30 ವರ್ಷ ದಾಟಿದವರಿಗೆ ಬಿಪಿ, ಶುಗರ್ ನೋಡುತ್ತಾರೆ, ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ತಿಂಗಳು ತಿಂಗಳು ಅಲ್ಲೇ ಕೊಡುತ್ತಾರೆ ಎಂದು ಬರೆಯಲಿಲ್ಲ. ಅಪ್ಪ ಏಳು ಕಿಲೋಮೀಟರ್ ಲೆಕ್ಕ ಹಾಕುತ್ತಿದ್ದಾಗ ಅವರ ಮಾತ್ರೆ ನಮ್ಮ ಮನೆಯ ಹಿಂದಿನ ಬೀದಿಯಲ್ಲಿತ್ತು. ಅದು ಅವರಿಗೂ ಗೊತ್ತಿರಲಿಲ್ಲ, ಸುದ್ದಿ ಬರೆಯುವ ನಮಗೂ ಗೊತ್ತಿರಲಿಲ್ಲ.

ರಾಜ್ಯ ಸರ್ಕಾರ 2024ರ ಅಕ್ಟೋಬರ್‌ನಲ್ಲಿ ಕೋಲಾರದಿಂದ ‘ಗೃಹ ಆರೋಗ್ಯ’ ಶುರು ಮಾಡಿತು. ಮನೆ ಬಾಗಿಲಿಗೇ ಬಂದು ಬಿಪಿ, ಶುಗರ್ ನೋಡುವ ಯೋಜನೆ. ಒಳ್ಳೆಯದೇ. ಆದರೆ ಅಪ್ಪನ ಬಿಪಿಯನ್ನೂ ಒಬ್ಬರು ನೋಡಿದ್ದರು, ಮಾತ್ರೆಯನ್ನೂ ಕೊಟ್ಟಿದ್ದರು. ತಪ್ಪಿದ್ದು ಎರಡನೇ ತಿಂಗಳು. ಮಾತ್ರೆ ಒಯ್ಯಲು ಬಾರದವರ ಮನೆಗೆ ಹೋಗಿ ‘ಯಾಕೆ ಬರಲಿಲ್ಲ’ ಎಂದು ಕೇಳುವವರು ಇಲ್ಲದಿದ್ದರೆ ತಪಾಸಣೆ ಬರೀ ಪುಸ್ತಕದಲ್ಲಿ ಉಳಿಯುತ್ತದೆ.

ಆದ್ದರಿಂದ ಈಗ ಯಾವ ಊರಿಗೆ ಹೋದರೂ ಉಪಕೇಂದ್ರದಲ್ಲಿ ಎರಡು ಪ್ರಶ್ನೆ ಕೇಳುತ್ತೇವೆ. ಈ ತಿಂಗಳು ಬಿಪಿ ಮಾತ್ರೆ ಸ್ಟಾಕ್ ಇದೆಯಾ? ಹೋದ ತಿಂಗಳು ಒಯ್ದವರಲ್ಲಿ ಎಷ್ಟು ಜನ ಈ ತಿಂಗಳು ಬಂದಿಲ್ಲ? ನಿಮ್ಮೂರ ಗ್ರಾಮಸಭೆಯಲ್ಲಿ ನೀವೂ ಕೇಳಿ.

ಅಪ್ಪ ಈಗ ಮಾತ್ರೆ ತಪ್ಪಿಸುವುದಿಲ್ಲ. ಮೊನ್ನೆ ಎಡಗೈಯಲ್ಲಿ ಚೀಟಿ ಹಿಡಿದು ಹೊರಟಾಗ ಅಂದರು: ‘ಕಾರ್ಡು ಜೋಪಾನ ಮಾಡಿದೆ ಕಣಪ್ಪಾ, ಈ ಚೀಟಿನೇ ಕಳೆದಿದ್ದೆ.’